ತೋಳಕ್ಕೆ ಹೊಲಿದ ಬಟ್ಟೆ

ನನ್ನ ನಾದಿನಿಯ ಹೊಲಿಗೆಯಲ್ಲಿ ಒಂದು ತಪ್ಪು ಕಂಡುಹಿಡಿಯಬೇಕೆಂದು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಾಯುತ್ತಿದ್ದೆ. ನಾನು ಗುಂಡಿ ಹಾಕಿದ ಅಂಗಿಯನ್ನು ಅವಳು ಬೆಳಕಿಗೆ ಹಿಡಿದು ನೋಡಿ, ತುಟಿ ಪಿಟಕ್ಕೆನ್ನದೆ ಬಿಚ್ಚಿ, ಮತ್ತೆ ಹಾಕುತ್ತಿದ್ದಳು. ಒಂದು ಮಾತು ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರವಾಗುತ್ತಿದ್ದೆ. ಬೈಯದೆ ಗುಂಡಿ ಬಿಚ್ಚುವವರ ಜೊತೆ ಜಗಳ ಆಡುವುದಾದರೂ ಹೇಗೆ?

ಅವಳು ಟೈಲರ್. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಯ ಕಿಟಕಿಗೆ ಒತ್ತಿ ಮಷಿನ್ನು, ಗೋಡೆಗೆ ಆನಿಸಿದ ಕತ್ತರಿಸುವ ಮೇಜು, ತಂತಿಯ ಮೇಲೆ ಸಾಲಾಗಿ ಶಾಲೆ ಮಕ್ಕಳ ಸಮವಸ್ತ್ರ. ನೆಲದ ಮೇಲೆ ಒಂದು ಚೂರು ದಾರ ಬಿದ್ದಿರುವುದಿಲ್ಲ. ಕಿಟಕಿಯ ಪರದೆ ಇರಲಿ, ದಿಂಬಿನ ಚೀಲ ಇರಲಿ, ಉದ್ದ ಕಡಿಮೆ ಮಾಡಲು ಬಂದ ಪ್ಯಾಂಟೇ ಇರಲಿ, ಅಂಚನ್ನು ಎರಡು ಸಲ ಮಡಿಸದೆ ಹೊಲಿದವಳಲ್ಲ. ಬಟ್ಟೆಯ ಒಳಗಡೆಯೂ ಹೊರಗಡೆಯಷ್ಟೇ ಚೊಕ್ಕಟ.

"ಒಳಗಡೆ ಯಾರೇ ನೋಡ್ತಾರೆ?" ಎಂದು ಒಮ್ಮೆ ಕೇಳಿದ್ದೆ.

"ನೋಡೋರು ಇರ್ತಾರೆ ಅತ್ತಿಗೆ" ಎಂದಿದ್ದಳು. ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಬಂದಳೆಂದು ನಾನು ಕೇಳಿರಲಿಲ್ಲ, ಅವಳಾಗಿ ಹೇಳಿರಲಿಲ್ಲ. ಮನೆಯಲ್ಲಿ ಒಬ್ಬಳು ಬಾಯಿಬಡುಕಿ ಸಾಕು ಎಂದುಕೊಂಡಿದ್ದಳೇನೋ.

ನನ್ನ ಗಂಡ ಕುರಿ ಸಾಕುವವರು. ಇನ್ನು ಮುಂದೆ 'ಇವರು' ಎಂದರೆ ಅವರೇ ಎಂದು ತಿಳಿದುಕೊಳ್ಳಿ. ಮನೆಯ ಹಿಂದೆ ದೊಡ್ಡಿ, ದೊಡ್ಡಿಯ ಆಚೆ ಬಯಲು, ಅದರಾಚೆ ಗುಡ್ಡ. ಗುಡ್ಡದಲ್ಲಿ ತೋಳಗಳಿವೆ. ಅವೂ ಮೊದಲಿನಿಂದ ಇವೆ, ನಾವೂ ಮೊದಲಿನಿಂದ ಇದ್ದೇವೆ. ಕುರಿ ಮರಿ ಹಾಕುವ ಕಾಲ ಬಂತೆಂದರೆ ಮಾತ್ರ ಇಬ್ಬರಿಗೂ ಕಣ್ಣಿಗೆ ಕಣ್ಣು ಹತ್ತುವುದಿಲ್ಲ.

ಕುರಿ ಕಾಯಲು ಒಂದು ಹೆಣ್ಣುನಾಯಿ ಇದೆ. ನಾವು ಇಟ್ಟ ಹೆಸರು ಬೇರೆ, ಈಗ ಎಲ್ಲರೂ ಕರೆಯುವುದು ಗಡಿಬಿಡಿ ಎಂದು. ಚೆದುರಿದ ಕುರಿಯನ್ನು ಒಟ್ಟುಮಾಡಿ ತರುವುದರಲ್ಲಿ ಅದನ್ನು ಮೀರಿಸುವ ನಾಯಿ ಈ ಸುತ್ತಿನಲ್ಲಿಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನುಂಗುವುದರಲ್ಲಿಯೂ ಇಲ್ಲ. ನನ್ನ ಒಂದು ಚಪ್ಪಲಿ ಅದರ ಹೊಟ್ಟೆಯಲ್ಲೇ ಕರಗಿಹೋಗಿದೆ. ಈ ಚಾಳಿ ಅದಕ್ಕೆ ತಾಯಿಯಿಂದ ಬಂದದ್ದು. ಆ ತಾಯಿ ಸತ್ತದ್ದೂ ಅದರಿಂದಲೇ. ತೋಳಕ್ಕೆಂದು ಗುಡ್ಡದಲ್ಲಿ ಇಟ್ಟಿದ್ದ ವಿಷದ ಮಾಂಸವನ್ನು ತಿಂದುಬಿಟ್ಟಿತ್ತು. ಇವರು ಅದನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದಾಗ ಇನ್ನೂ ಜೀವವಿತ್ತು. ಅದು ಒದ್ದಾಡಿದ್ದನ್ನು ನಾನು ವರ್ಣಿಸಲಾರೆ. ಆಮೇಲೆ ಎಷ್ಟೋ ದಿನ ಇವರು ತಟ್ಟೆಯ ಮುಂದೆ ಕೂತು, ಅನ್ನ ಕಲಸಿ, ಎದ್ದುಹೋಗುತ್ತಿದ್ದರು.

ವಿಷ ಇಟ್ಟವರು ಬೇರೆ ಯಾರೂ ಅಲ್ಲ, ಇವರ ಚಿಕ್ಕಪ್ಪ, ನನಗೆ ಚಿಕ್ಕಮಾವ. ಕೆಟ್ಟವರಲ್ಲ. ಹೆಂಡತಿ ತೀರಿಹೋದ ಮೇಲೆ ಅವರಿಗೆ ಕುರಿಗಳೇ ಸಂಸಾರ. ಅವರ ದೊಡ್ಡಿ ನಮ್ಮ ದೊಡ್ಡಿಗೆ ಅಂಟಿಕೊಂಡೇ ಇದೆ. ಈ ಸಲ ಮರಿಗಳ ಕಾಲ ಶುರುವಾಗುತ್ತಲೇ ತೋಳ ಅವರ ದೊಡ್ಡಿಗೆ ನುಗ್ಗಿ ಒಂದು ಮರಿ ಒಯ್ದಿತು. ಮರುದಿನ ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ಕೂತರು.

"ಈ ಸಲ ಮತ್ತೆ ಇಡ್ತೀನಿ ಕಣೋ. ನಿನ್ನ ನಾಯೀನ ಕಟ್ಟಿಹಾಕ್ಕೋ."

"ಕಟ್ಟಿಹಾಕಿದ್ರೆ ಕುರಿ ಹಿಂದೆ ಯಾರು ಓಡ್ತಾರೆ ಚಿಕ್ಕಪ್ಪ? ನಾನಾ?" ಎಂದರು ಇವರು.

"ಓಡು. ಹೊಟ್ಟೆನಾದ್ರೂ ಕರಗುತ್ತೆ."

ಇವರು ನಗಲಿಲ್ಲ. ಕಟ್ಟಿಹಾಕುವುದು ಎಷ್ಟು ದಿನ? ಗುಡ್ಡದಲ್ಲಿಟ್ಟ ಮಾಂಸವನ್ನು ಕಾಗೆಗಳು ಎಳೆದು ಎಲ್ಲೆಲ್ಲೋ ಬೀಳಿಸುತ್ತವೆ. ತಿಂಗಳು ಕಳೆದ ಮೇಲೂ ಯಾವುದೋ ಪೊದೆಯ ಬುಡದಲ್ಲಿ ಒಂದು ತುಂಡು ಉಳಿದಿರುತ್ತದೆ, ಅದು ಗಡಿಬಿಡಿಯ ಮೂಗಿಗೆ ಸಿಕ್ಕೇ ಸಿಗುತ್ತದೆ. ಮೇಯಿಸುವುದು ಬೇರೆಲ್ಲೂ ಸಾಧ್ಯವಿಲ್ಲ, ಇರುವುದು ಅದೊಂದೇ ಗುಡ್ಡ. "ಇನ್ನೊಂದನ್ನ ಹೊತ್ಕೊಂಡು ಬರೋ ಶಕ್ತಿ ನಂಗಿಲ್ಲ ಕಣೆ" ಎಂದು ಇವರು ಆಮೇಲೆ ನನ್ನ ಹತ್ತಿರ ಮಾತ್ರ ಹೇಳಿದರು.

ಅದೇ ವಾರ ಅರಣ್ಯ ಕಚೇರಿಯಿಂದ ಒಬ್ಬ ಹುಡುಗಿ ಬಂದಿದ್ದಳು. ನಮ್ಮ ಜಗಲಿಯ ಮೇಲೆ ಕೂತು ಫೋನಿನಲ್ಲಿ ಚಿತ್ರ ತೋರಿಸಿದಳು. ದೊಡ್ಡಿಯ ಸುತ್ತ ಒಂದು ಹಗ್ಗ, ಹಗ್ಗದಿಂದ ಇಳಿಬಿದ್ದ ಕೆಂಪು ಬಟ್ಟೆಯ ಪಟ್ಟಿಗಳು. ಮೊಳದುದ್ದದ ಪಟ್ಟಿ, ಎರಡರ ನಡುವೆ ಮೊಳದಷ್ಟೇ ಅಂತರ, ತುದಿ ನೆಲಕ್ಕೆ ತಾಗಬಾರದು, ಅಷ್ಟೇ.

"ಇದೇನು ಅಂತ ತೋಳಕ್ಕೆ ಅರ್ಥ ಆಗಲ್ಲ. ಅರ್ಥ ಆಗದ್ದನ್ನ ದಾಟೋಕೆ ಅದು ಹೆದರುತ್ತೆ" ಎಂದಳು. "ಆದ್ರೆ ಇದು ವರ್ಷಪೂರ್ತಿ ನಡೆಯಲ್ಲ, ಅಭ್ಯಾಸ ಆಗಿಬಿಡುತ್ತೆ. ಮರಿಗಳು ಬಲಿಯೋವರೆಗೆ ಕಟ್ಟಿ, ಆಮೇಲೆ ಬಿಚ್ಚಿಟ್ಟುಬಿಡಿ."

"ತೋಳಕ್ಕೆ ಬಾವುಟ ತೋರಿಸ್ಬೇಕಾ? ಸ್ವಾಗತ ಮಾಡೋಕಾ?" ಎಂದು ಅಲ್ಲೇ ಕೂತಿದ್ದ ಚಿಕ್ಕಮಾವ ಮೂಗು ಮುರಿದರು. ಆದರೂ ಇವರ ಮುಖ ನೋಡಿ ಒಪ್ಪಿಕೊಂಡರು. "ಆಯ್ತಪ್ಪ, ಎರಡೂ ದೊಡ್ಡಿ ಸುತ್ತ ಕಟ್ಟು. ಹಗ್ಗದ ಒಳಗಿಂದ ಇನ್ನೊಂದು ಮರಿ ಹೋದ್ರೆ ಮಾತ್ರ ನನ್ನನ್ನ ತಡೀಬೇಡ."

ಪಟ್ಟಿ ಹೊಲಿಯುವ ಕೆಲಸವನ್ನು ನಾದಿನಿ ತಾನೇ ಮೈಮೇಲೆ ಹಾಕಿಕೊಂಡಳು. ಪರದೆಗೆಂದು ತರಿಸಿದ್ದ ಕೆಂಪು ಬಟ್ಟೆಯ ಥಾನು ಹಾಗೇ ಉಳಿದಿತ್ತು. ಶಾಲೆಯ ಸಮವಸ್ತ್ರವನ್ನೆಲ್ಲ ಬದಿಗೊತ್ತಿ ಕೂತಳು. ಊಟಕ್ಕೆ ಕರೆದರೆ "ಬಂದೆ" ಎನ್ನುವುದು, ಮಷಿನ್ನು ತುಳಿಯುವುದು. ಒಂದೊಂದು ಪಟ್ಟಿಗೂ ನಾಲ್ಕೂ ಅಂಚು ಎರಡು ಮಡಿಕೆ ಮಡಿಸಿ ಹೊಲಿದಳು. ಸಾಲದ್ದಕ್ಕೆ ಗಂಜಿ ಹಾಕಿ, ಇಸ್ತ್ರಿ ಮಾಡಿದಳು. ತೋಳಕ್ಕೆ ಇಸ್ತ್ರಿ! ನಾನು ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರೆ, "ಹತ್ತು ಜನ ನೋಡೋ ಕೆಲಸ ಅತ್ತಿಗೆ" ಎಂದಳು.

ಹಗ್ಗ ಕಟ್ಟಿದ ದಿನ ನಿಜವಾಗಿಯೂ ಹತ್ತು ಜನ ಬಂದು ನೋಡಿದರು. ಗೆರೆ ಎಳೆದಂತೆ ನಿಂತಿದ್ದವು ಪಟ್ಟಿಗಳು. ನಾನು ಕದ್ದು ಎರಡನ್ನು ಜೋಡಿಸಿ ಅಳೆದು ನೋಡಿದೆ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಒಳಮಗ್ಗುಲು ತಿರುಗಿಸಿ ನೋಡಿದೆ, ಕೊಕ್ಕೆ ತೆಗೆಯಲು ಏನೂ ಸಿಗಲಿಲ್ಲ. ಹೊಟ್ಟೆಯುರಿದುಕೊಂಡು ಒಳಗೆ ಹೋದೆ.

ಮೊದಲ ಕೆಲವು ದಿನ ತೋಳ ಆ ಕಡೆ ಸುಳಿಯಲಿಲ್ಲ. ಇವರು ಶಿಳ್ಳೆ ಹಾಕಿಕೊಂಡು ಓಡಾಡಿದರು. ಆಮೇಲೆ ಒಂದು ಬೆಳಿಗ್ಗೆ ಚಿಕ್ಕಮಾವನ ದೊಡ್ಡಿಯಲ್ಲಿ ಒಂದು ಮರಿ ಇರಲಿಲ್ಲ. ತೋಳದ ಹೆಜ್ಜೆ ಬಯಲಿನಿಂದ ನೇರ ಬಂದು, ಪಟ್ಟಿಗಳ ನಡುವೆ ನುಸುಳಿ, ಅದೇ ದಾರಿಯಲ್ಲಿ ಹಿಂದೆ ಹೋಗಿತ್ತು. ಒಂದು ಪಟ್ಟಿಯೂ ಸೊಟ್ಟಗಾಗಿರಲಿಲ್ಲ.

ಹೋದದ್ದು ತಾಯಿಯಿಲ್ಲದ ಮರಿ. ಚಿಕ್ಕಮಾವ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಅಂಗಡಿಗೆ ಹೋದರೂ ಹಿಂದೆ ಹಿಂದೆ ಬರುತ್ತಿತ್ತು. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಹೆಜ್ಜೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ನಾಳೆ ಬೆಳಿಗ್ಗೆ ಇಡ್ತೀನಿ" ಎಂದಷ್ಟೇ ಹೇಳಿ ಎದ್ದುಹೋದರು.

ಇವರು ಗಡಿಬಿಡಿಯನ್ನು ದೊಡ್ಡಿಯ ಕಂಬಕ್ಕೆ ಕಟ್ಟಿದರು. ಕಟ್ಟಿಸಿಕೊಂಡು ಗೊತ್ತಿಲ್ಲದ ನಾಯಿ ಅದು. ಏನು ತಪ್ಪು ಮಾಡಿದೆ ಎಂಬಂತೆ ಇವರ ಮುಖ ನೋಡಿತು. ಇವರು ಕುರಿ ಹೊಡೆದುಕೊಂಡು ಒಬ್ಬರೇ ಹೋದರು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಸಿಟ್ಟು ಬಂದರೆ ನಾನು ಬಟ್ಟೆ ಒಗೆಯುತ್ತೇನೆ. ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಕುಕ್ಕಿ ಒಗೆದು, ಒಳಗಿನ ತಂತಿ ಸಾಲದೆ ದೊಡ್ಡಿಯ ಬೇಲಿಗೆ ಹರವಲು ಹೋದೆ.

ಗಡಿಬಿಡಿ ಕೆಂಪು ಪಟ್ಟಿಗಳ ನೆರಳಲ್ಲಿ ಬಿದ್ದುಕೊಂಡಿತ್ತು. ಒಂದು ಪಟ್ಟಿ ಅದರ ಬೆನ್ನಿಗೆ ತಾಗಿಕೊಂಡೇ ಇತ್ತು, ಅದಕ್ಕೆ ಗಣನೆಯೇ ಇಲ್ಲ. ನಾನು ಬೇಲಿಯ ಮೇಲೆ ನೆಲ ಒರೆಸುವ ಬಟ್ಟೆ ಹಾಕಿದೆ. ಅದು ಇವರ ಹಳೇ ಬನಿಯನ್ನು, ಹರಿದು ಚಿಂದಿಯಾಗಿ ಜೋತಾಡುವಂಥದ್ದು. ಸಣ್ಣಗೆ ಗಾಳಿ ಬೀಸಿತು. ಬನಿಯನ್ನು ಪಟಪಟ ಎಂದದ್ದೇ ತಡ, ಗಡಿಬಿಡಿ ಮೇಲೆದ್ದು, ಬಾಲ ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು, ಹಗ್ಗ ಎಳೆದಷ್ಟು ದೂರ ಹಿಂದೆ ಸರಿದು ಗುರುಗುಟ್ಟತೊಡಗಿತು.

"ಅಯ್ಯೋ ನಿನ್ನ, ಅದು ಬನಿಯನ್ನು ಕಣೇ" ಎಂದು ನಗುತ್ತಾ ಬನಿಯನ್ನನ್ನು ತೆಗೆಯಲು ಕೈ ಹಾಕಿದವಳು ಹಾಗೇ ನಿಂತೆ.

ಗಾಳಿ ಇನ್ನೂ ಇತ್ತು. ಚಿಂದಿ ಹಾವಿನಂತೆ ಹೊರಳಾಡುತ್ತಿತ್ತು. ಪಕ್ಕದಲ್ಲಿ ನನ್ನ ನಾದಿನಿಯ ಪಟ್ಟಿಗಳು ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳಂತೆ ಅಲುಗಾಡದೆ ನಿಂತಿದ್ದವು. ನಾಲ್ಕು ಅಂಚಿನ ದಪ್ಪ ಮಡಿಕೆ, ಮೇಲೆ ಗಂಜಿ. ಬಿರುಗಾಳಿ ಬಂದರೂ ಅವು ಮರ್ಯಾದೆ ಬಿಡುವಂತಿರಲಿಲ್ಲ. ಅಲುಗದ ಬಟ್ಟೆಗೆ ತೋಳ ಯಾಕೆ ಹೆದರಬೇಕು? ಅದು ಕೆಲವು ದಿನ ದೂರದಿಂದ ನೋಡಿದೆ, ಆಮೇಲೆ ಮನೆಯ ಪರದೆ ಸರಿಸಿದ ಹಾಗೆ ಸರಿಸಿಕೊಂಡು ಬಂದಿದೆ. ಅಂಚು ಹೊಲಿಯಬೇಡಿ ಎಂದು ಆ ಕಚೇರಿಯ ಹುಡುಗಿ ಹೇಳಿರಲಿಲ್ಲ. ತೋಳ ಓಡಿಸುವ ಚಿಂದಿಗೆ ಯಾರಾದರೂ ಅಂಚು ಹೊಲಿಯುತ್ತಾರೆಂದು ಪಾಪ, ಅವಳಿಗಾದರೂ ಹೇಗೆ ಹೊಳೆಯಬೇಕು?

ಅಂತೂ ತಪ್ಪು ಸಿಕ್ಕಿತ್ತು. ಇಷ್ಟು ವರ್ಷ ಕಾದದ್ದು ಕೈಗೆ ಬಂದಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇದನ್ನು ಅವಳಿಗೆ ಹೇಳುವವರು ಯಾರು?

ಬಯಲಿಗೆ ಓಡಿಹೋಗಿ ಇವರಿಗೆ ಹೇಳಿದೆ. ಇವರ ಮುಖ ಮೊದಲು ಅರಳಿತು, ಆಮೇಲೆ ಬಾಡಿತು.

"ನೀನೇ ಹೇಳು" ಎಂದರು.

"ನಿಮ್ಮ ತಂಗಿ ರೀ!"

"ನಿನ್ನ ಬಾಯಿ ಜೋರು."

"ಬೈಯೋಕೆ ಜೋರು. ಇದಕ್ಕಲ್ಲ" ಎಂದೆ. ಆದರೂ ಹೋದವಳು ನಾನೇ.

ಅಂಗಡಿಯಲ್ಲಿ ನಾದಿನಿ ತಲೆ ಬಗ್ಗಿಸಿಕೊಂಡು ಹೊಲಿಯುತ್ತಿದ್ದಳು. ಕಣ್ಣು ಕೆಂಪಗಾಗಿ ಊದಿತ್ತು. ಮಡಿಲಲ್ಲಿ ಕೆಂಪು ಬಟ್ಟೆ, ಪಕ್ಕದ ಡಬ್ಬಿಯಲ್ಲಿ ಪರದೆ ಹಾರದ ಹಾಗೆ ಅಂಚಿನೊಳಗೆ ಹಾಕುವ ಸಣ್ಣ ಕಬ್ಬಿಣದ ಗುಂಡುಗಳು.

"ಬಾಗಿಲು ಹಾಕ್ಕೊಂಡು ಬನ್ನಿ ಅತ್ತಿಗೆ" ಎಂದಳು. "ನನ್ನ ಕೆಲಸದಲ್ಲೇ ಏನೋ ಐಬು ಇತ್ತು. ಪಟ್ಟಿ ಗಟ್ಟಿಯಾಗಿರ್ಲಿಲ್ಲ ಅನ್ಸುತ್ತೆ, ತೋಳ ಸುಲಭವಾಗಿ ಸರಿಸಿಬಿಟ್ಟಿದೆ. ಈಗ ಕೆಳಗಡೆ ಭಾರ ಹಾಕ್ತಿದ್ದೀನಿ. ಇನ್ನೊಂದು ಸಾಲು ಹೊಲಿಗೆ ಕೊಟ್ರೆ ಹಲಗೆ ಥರ ನಿಲ್ಲುತ್ತೆ. ಸಂಜೆಯೊಳಗೆ ಮುಗಿಸ್ತೀನಿ, ಚಿಕ್ಕಪ್ಪಂಗೆ ಇನ್ನೊಂದು ದಿನ ತಡೀರಿ ಅಂತ ಹೇಳಿ."

ಮಾತು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅವಳ ಕೈ ಹಿಡಿದು ಎಳೆದುಕೊಂಡು ದೊಡ್ಡಿಗೆ ಹೋದೆ, ಬನಿಯನ್ನು ತೋರಿಸಿದೆ, ಪಟ್ಟಿ ತೋರಿಸಿದೆ, ಗಾಳಿಗೆ ಕಾದೆ. ಗಾಳಿ ಬಂತು. ಗಡಿಬಿಡಿ ಮತ್ತೆ ಗುರುಗುಟ್ಟಿತು.

ಅವಳು ಒಂದು ಪಟ್ಟಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ, "ಅಂಚು ಜಾಸ್ತಿ ಆಯ್ತು" ಎಂದಳು.

"ಹೌದು ಕಣೇ."

"ಮರಿ ನನ್ನಿಂದ ಹೋಯ್ತು."

"ಹುಚ್ಚಿ, ತೋಳದಿಂದ ಹೋಯ್ತು" ಎಂದೆ. ದನಿ ಒಡೆದದ್ದು ನನ್ನದೇ.

ಪಟ್ಟಿಗಳನ್ನೆಲ್ಲ ಬಿಚ್ಚಿ ತಂದು ಅಂಗಡಿಯ ನೆಲಕ್ಕೆ ಸುರಿದೆವು. ಹೊತ್ತು ಇಳಿಯುವುದರೊಳಗೆ ಅಂಚು ಕಿತ್ತು ಮತ್ತೆ ಕಟ್ಟಬೇಕಿತ್ತು. ಅವಳು ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ತೆಗೆದುಕೊಂಡು, ಒಂದೊಂದೇ ಹೊಲಿಗೆ ಎತ್ತಿ, ದಾರವನ್ನು ಸುತ್ತಿ ಪಕ್ಕಕ್ಕಿಟ್ಟು ಬಿಚ್ಚತೊಡಗಿದಳು. ಕೆಡಿಸುವುದನ್ನೂ ಚೊಕ್ಕಟವಾಗಿ ಕೆಡಿಸುತ್ತಿದ್ದಳು! ಹೀಗಾದರೆ ಮರಿಗಳು ಅಜ್ಜಿಯರಾಗುವ ಹೊತ್ತಿಗೆ ಮುಗಿಯುತ್ತಿತ್ತು. ನಾನು ಒಂದು ಪಟ್ಟಿ ಎತ್ತಿಕೊಂಡು ಕತ್ತರಿಯಿಂದ ಅಂಚನ್ನು ಕಚಕ್ಕೆಂದು ಕತ್ತರಿಸಿ, ಉಳಿದದ್ದನ್ನು ಪರ್‍ರೆಂದು ಉದ್ದಕ್ಕೆ ಸೀಳಿದೆ. ತನ್ನ ಮೈಗೇ ತಗುಲಿದಂತೆ ಅವಳು ಬೆಚ್ಚಿದಳು.

"ನಮ್ಮತ್ತೆ ಹೀಗೇ ಮಾಡ್ತಿದ್ರು" ಎಂದಳು.

ನಾನು ಕತ್ತರಿ ಕೆಳಗಿಟ್ಟೆ.

"ಮನೆಗೆ ಯಾರಾದ್ರೂ ಬಂದ್ರೆ ನಾನು ಹೊಲಿದದ್ದನ್ನ ತಂದು, ಒಳಗಡೆ ತಿರುಗಿಸಿ ತೋರಿಸೋರು. ನೋಡಿ ನಮ್ಮ ಸೊಸೆ ಕೆಲಸ ಅಂತ. ಒಂದು ದಾರ ನೇತಾಡ್ತಿದ್ರೆ ಸಾಕು, ಎಲ್ಲರ ಎದುರಿಗೆ ಹಿಡಿದು ಎಳೆಯೋರು, ಪೂರ್ತಿ ಬಿಚ್ಚಿಹೋಗೋವರೆಗೆ. ನನ್ನ ಗಂಡ ಪಕ್ಕದಲ್ಲಿ ಕೂತು ನಗೋರು. ಅದಕ್ಕೇ ಅತ್ತಿಗೆ, ಎಳೆಯೋಕೆ ಒಂದು ದಾರನೂ ಬಿಡಲ್ಲ ನಾನು."

ಅವಳು ನನ್ನ ಗುಂಡಿ ಬಿಚ್ಚಿ ಹಾಕುತ್ತಿದ್ದದ್ದು ನನ್ನನ್ನು ಹೀಯಾಳಿಸಲು ಅಲ್ಲ, ಆ ಗುಂಡಿಯನ್ನು ಹಿಡಿದು ಯಾರೂ ನನ್ನನ್ನು ಎಳೆಯದಿರಲಿ ಎಂದು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿಯೂ ನನಗೆ ಇದು ತಿಳಿದಿರಲಿಲ್ಲ.

"ಈ ಮನೇಲಿ ಯಾರಾದ್ರೂ ನಿನ್ನ ದಾರ ಎಳೆದ್ರೆ ಅವರ ಕೈ ಮುರೀತೀನಿ" ಎಂದೆ. "ಈಗ ಹರಿ. ನೀನೇ ಹರಿ."

ಅವಳು ಒಂದು ಪಟ್ಟಿ ಕೈಗೆತ್ತಿಕೊಂಡಳು. ತುದಿಯನ್ನು ಹಲ್ಲಿನಿಂದ ಕಚ್ಚಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಎಳೆದಳು. ಪರ್‍ರ್! ಎರಡನೆಯದಕ್ಕೆ ಕಣ್ಣು ತೆರೆದಿದ್ದಳು. ಆಮೇಲೆ ನನ್ನನ್ನೂ ಮೀರಿಸಿದಳು. ಸಂಜೆಯ ಹೊತ್ತಿಗೆ ಆ ಕೋಣೆಯ ನೆಲ ದಾರದಿಂದ ತುಂಬಿಹೋಗಿತ್ತು. ಗಂಜಿ ಹೋಗಲೆಂದು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಅಷ್ಟರಲ್ಲಿ ಬಂದ ಇವರೂ ನಾವಿಬ್ಬರೂ ಸೇರಿ ಹಸಿಹಸಿಯಾಗಿಯೇ ಹಗ್ಗಕ್ಕೆ ಕಟ್ಟಿದೆವು. ಕೆದರಿದ ತಲೆಯಂಥ ಸಾಲು. ದಾರಿಯಲ್ಲಿ ಹೋಗುವವರು ನೋಡಿ ನಕ್ಕರು. ಚಿಕ್ಕಮಾವನ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಪಟ್ಟಿ ಸರಿಮಾಡಿದ್ದೇವೆ, ಇನ್ನೊಂದು ದಿನ ತಡೀರಿ ಎಂದು ನಾನು ಹೊರಗಿನಿಂದಲೇ ಕೂಗಿ ಹೇಳಿದೆ. ಬಾಗಿಲು ತೆರೆಯಲಿಲ್ಲ.

ಬೆಳಗಿನ ಬೆಳಕು ಹರಿಯುವಾಗ ಅವರು ಬಂದರು. ಕೈಗೆ ಚೀಲ ಸುತ್ತಿಕೊಂಡಿದ್ದರು, ಇನ್ನೊಂದು ಚೀಲದಲ್ಲಿ ವಿಷ ಬೆರೆಸಿದ ಮಾಂಸ. ನಾವು ಮೂವರೂ ದೊಡ್ಡಿಯ ಬಳಿ ನಿಂತಿದ್ದೆವು.

"ಚಿಕ್ಕಪ್ಪ, ಇದೊಂದು ದಿನ" ಎಂದರು ಇವರು.

"ದಾರಿ ಬಿಡು."

ಕಂಬಕ್ಕೆ ಕಟ್ಟಿದ್ದ ಗಡಿಬಿಡಿ ಆಗ ಎದ್ದು ನಿಂತಿತು. ಎಲ್ಲರೂ ಅದು ನೋಡುವ ಕಡೆ ನೋಡಿದೆವು. ಬಯಲಿನಲ್ಲಿ ತೋಳ ಬರುತ್ತಿತ್ತು. ಅವಸರವಿಲ್ಲದೆ, ಗೊತ್ತಿರುವ ಮನೆಗೆ ಬರುವಂತೆ, ಮೊನ್ನೆಯ ದಾರಿಯಲ್ಲೇ ಬಂತು. ಮೊಲೆ ಜೋತಿದ್ದ ಹೆಣ್ಣು ತೋಳ, ಅದಕ್ಕೂ ಮರಿಗಳಿರಬೇಕು. ನಾದಿನಿ ನನ್ನ ರಟ್ಟೆಯನ್ನು ಹಿಡಿದ ಬಿಗಿಗೆ ಆಮೇಲೆ ನೋಡಿದರೆ ನೀಲಿಗಟ್ಟಿತ್ತು.

ಹಗ್ಗದ ಹತ್ತಿರ ಬರುವಾಗ ಗಾಳಿ ತಿರುಗಿತು. ಪಟ್ಟಿಗಳೆಲ್ಲ ಒಟ್ಟಿಗೆ ಎದ್ದು ಪಟಪಟ ಬಡಿದುಕೊಂಡವು. ತೋಳ ಮುಂಗಾಲು ಎತ್ತಿದ್ದು ಹಾಗೇ ನಿಂತಿತು. ಬದಿಗೆ ಹೋಯಿತು, ಅಲ್ಲಿಯೂ ಚಿಂದಿ ಹಾರಾಡುತ್ತಿತ್ತು. ಮೂತಿ ಮುಂದೆ ಚಾಚಿತು, ಒಂದು ಎಳೆ ಅದರ ಮೂಗಿನ ಕಡೆ ಹೊರಳಿತು. ಅಷ್ಟೇ, ಕಾಲಿಗೆ ಬುದ್ಧಿ ಹೇಳಿತು. ಬಯಲು ದಾಟುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ಚಿಕ್ಕಮಾವ ಪಟ್ಟಿಗಳನ್ನೇ ನೋಡುತ್ತಿದ್ದರು.

"ಮೊನ್ನೆ ಇದ್ದದ್ದೂ ಇದೇ ಬಟ್ಟೆ ಅಲ್ವೇನೇ?"

"ಇದೇ ಬಟ್ಟೆ ಚಿಕ್ಕಪ್ಪ" ಎಂದಳು ನಾದಿನಿ. "ಮೊನ್ನೆ ಅಂದವಾಗಿ ಹೊಲಿದಿದ್ದೆ, ಅದಕ್ಕೇ ಅಲುಗ್ತಿರ್ಲಿಲ್ಲ. ನಿಮ್ಮ ಮರಿ ನನ್ನ ತಪ್ಪಿಂದ ಹೋಯ್ತು."

ಅವರು ಚೀಲ ಹಿಡಿದುಕೊಂಡೇ ನಿಂತಿದ್ದರು.

"ಅದಕ್ಕೆ ಬಾಟಲಿ ಅಭ್ಯಾಸ ಮಾಡಿಸಿದ್ದು ನಾನು ಕಣಮ್ಮ. ಯಾರ ಹೆಜ್ಜೆ ಸಪ್ಪಳ ಆದ್ರೂ ಹಾಲು ಬಂತು ಅಂತ ಎದ್ದು ಓಡಿಬರೋದು. ಬೇರೆ ಮರಿಗಳೆಲ್ಲ ತಾಯಂದಿರ ಹಿಂದೆ ಅಡಗಿರ್ತವೆ. ಇದು ತೋಳ ಬಂದಾಗಲೂ ಎದ್ದು ಹೋಗಿರುತ್ತೆ."

ನಾದಿನಿ ಅಳತೊಡಗಿದಳು. ನಾನೂ ಅತ್ತೆ, ಹೇಳಲು ನನಗೇನೂ ನಾಚಿಕೆಯಿಲ್ಲ.

"ಹಾರೆ ತಗೊಂಡು ಬಾರೋ" ಎಂದರು ಚಿಕ್ಕಮಾವ ಇವರಿಗೆ. ಬೇಲಿಯ ಮೂಲೆಯಲ್ಲಿ ಇವರು ಎದೆಯಾಳದ ಹೊಂಡ ತೋಡಿದರು. ಚಿಕ್ಕಮಾವ ಚೀಲಗಳನ್ನು ಅದಕ್ಕೆ ಹಾಕಿ, ಮಣ್ಣು ಮುಚ್ಚಿ ತುಳಿದು, ಮೇಲೆ ಚಪ್ಪಡಿ ಎಳೆಸಿದರು. ಆಮೇಲೆ ಆ ಚಪ್ಪಡಿಯ ಮೇಲೆ ಕೂತುಬಿಟ್ಟರು.

ಇವರು ಗಡಿಬಿಡಿಯ ಹಗ್ಗ ಬಿಚ್ಚಿದರು. ಅದು ಒಂದು ಸುತ್ತು ಓಡಿ, ನೇರ ಚಿಕ್ಕಮಾವನ ಬಳಿಗೆ ಬಂದು, ಅವರ ಕೈ ನೆಕ್ಕಲು ನಾಲಿಗೆ ಚಾಚಿತು. ಅವರು ಚೇಳು ಕುಟುಕಿದವರಂತೆ ಎರಡೂ ಕೈಯನ್ನು ತಲೆಯ ಮೇಲಕ್ಕೆ ಎತ್ತಿದರು.

"ನಾಯೀನ ಹಿಡ್ಕೊಳ್ರೋ! ಇನ್ನೂ ಕೈ ತೊಳೆದಿಲ್ಲ!" ಎಂದು ಕೂಗಿದರು.

ನಾನು ನಾಯಿಯನ್ನು ತಬ್ಬಿ ಹಿಡಿದುಕೊಂಡೆ. ನಾದಿನಿ ಬಕೆಟ್ಟು, ಸೋಪು ತಂದಳು. ಅವಳು ನೀರು ಹಾಕುತ್ತಲೇ ಇದ್ದಳು, ಅವರು ಬೆರಳು ಸಂದಿ, ಉಗುರು ಸಂದಿ, ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆಯುತ್ತಲೇ ಇದ್ದರು. "ಸಾಕು ಚಿಕ್ಕಪ್ಪ" ಎಂದು ಇವರು ಹೇಳಿದ ಮೇಲೂ ಇನ್ನೊಮ್ಮೆ ಸೋಪು ಹಚ್ಚಿದರು. ಕೊನೆಗೆ ಕೈ ಮೂಸಿ ನೋಡಿಕೊಂಡು, ನನ್ನ ಕಡೆ ತಿರುಗಿ, "ಈಗ ಬಿಡಮ್ಮ ಅದನ್ನ" ಎಂದರು.